ಬಾಣಂತಿ ಕೋಣೆಯ ಕಪ್ಪು ನೆಲ

ನಮ್ಮತ್ತೆ ಮನುಷ್ಯರನ್ನು ಅಳೆಯುತ್ತಿದ್ದದ್ದು ಅವರವರ ಮನೆಯ ನೆಲ ನೋಡಿ. ಯಾರದಾದರೂ ಮನೆಗೆ ಹೋಗಿ ಬಂದರೆ ಅಲ್ಲಿ ಎಂತ ಊಟ ಹಾಕಿದರು, ಎಷ್ಟು ಜನ ಸೇರಿದ್ದರು ಅಂತೆಲ್ಲ ಹೇಳುತ್ತಿರಲಿಲ್ಲ. "ಅವಳ ನೆಲ ಸಿಡುಬು ಎದ್ದ ಮುಖ ಇದ್ದ ಹಾಗಿದೆ ಮಾರಾಯ್ತಿ" ಅಂದುಬಿಟ್ಟರೆ ಆ ಮನೆಯ ಹೆಂಗಸಿನ ಕತೆ ಅಲ್ಲಿಗೆ ಮುಗಿದ ಹಾಗೆ. ನಾನು ಮದುವೆಯಾಗಿ ಬಂದ ಹೊಸತರಲ್ಲಿ ಊರಿನ ಹೆಂಗಸರು ನನಗೆ ಹೇಳಿದ್ದೂ ಅದನ್ನೇ: "ನಿಮ್ಮತ್ತೆ ಮಾಡಿದ ನೆಲದಲ್ಲಿ ಬಾಗಿ ನೋಡಿದರೆ ಕುಂಕುಮ ನೆಟ್ಟಗಿದೆಯೋ ಇಲ್ಲವೋ ಕಾಣಬಹುದು." ಉತ್ಪ್ರೇಕ್ಷೆಯಲ್ಲ. ನಾನೇ ನೋಡಿಕೊಂಡಿದ್ದೇನೆ.

ಆ ನೆಲ ಈಗ ನೀರಿನಡಿ ಇದೆ. ಸಾಗರದ ಸೀಮೆಯಲ್ಲಿ, ಶರಾವತಿಯ ದಂಡೆ ಮೇಲಿದ್ದ ಊರು ನಮ್ಮದು. ಲಿಂಗನಮಕ್ಕಿಯಲ್ಲಿ ಕಟ್ಟೆ ಮೇಲೇಳುತ್ತ ಬಂದ ಹಾಗೆ ಕೆಳಗಿನ ಊರುಗಳಿಂದ ಮೊದಲ್ಗೊಂಡು ಒಂದೊಂದೇ ಖಾಲಿಯಾಗುತ್ತ ಬಂದವು. ಉಳಿದವರು ಬಾಗಿಲು, ತೊಲೆ, ಹೆಂಚು ಬಿಚ್ಚಿ ಲಾರಿಗೆ ಹೇರುತ್ತಿದ್ದಾಗ ನಮ್ಮತ್ತೆ ಒಳಗೆ ಕೂತು ನೆಲ ಸಾರಿಸುತ್ತಿದ್ದರು. "ಅಮ್ಮ, ನಿಂಗೆ ತಲೆ ಕೆಟ್ಟಿದ್ಯಾ? ಮುಳುಗೋ ಮನೆಗೆ ಸಗಣಿ ಯಾಕೆ?" ಅಂತ ನಮ್ಮನೆಯವರು ರೇಗಿದರು. "ನೀರು ಬರೋದು ನಮ್ಮನೆಗೇ ಅಲ್ದಾ? ಬಂದೋರು ಚೊಕ್ಕ ನೆಲದ ಮೇಲೆ ಕೂರ್ಲಿ" ಅಂದರು ಅತ್ತೆ. ಹೊರಡುವಾಗ ಸೆರಗಿನ ಗಂಟಲ್ಲಿ ಒಂದು ಕಲ್ಲು ಕಟ್ಟಿಕೊಂಡರು. ನೆಲ ಉಜ್ಜುವ ಕಲ್ಲು. ಹೊಳೆಯಿಂದ ಆರಿಸಿ ತಂದದ್ದು, ಅವರ ಅತ್ತೆಯ ಕೈಯಲ್ಲೂ ಇದ್ದದ್ದು, ಕೋಳಿಮೊಟ್ಟೆಯಷ್ಟು ನುಣುಪು.

ಆಗ ನನ್ನ ನಾದಿನಿ, ಅಂದರೆ ನಮ್ಮನೆಯವರ ತಂಗಿ, ಚೊಚ್ಚಲ ಬಸುರಿಯಾಗಿ ತವರಿಗೆ ಬಂದಿದ್ದಳು. ಅವಳನ್ನು ಕೊಟ್ಟದ್ದು ಸಾಗರದ ಹತ್ತಿರ, ವರದಮೂಲದ ಕಡೆ. ದಿನ ತುಂಬುವುದಕ್ಕೆ ಇನ್ನೂ ಸಮಯವಿದೆ ಅಂದುಕೊಂಡು ಅವಳನ್ನೂ ಅದೇ ಲಾರಿಯಲ್ಲಿ ಕೂರಿಸಿಕೊಂಡು ಹೊರಟೆವು. ನಮಗೆ ಗೊತ್ತುಮಾಡಿದ್ದ ಹೊಸ ಜಾಗ ಹೊಸನಗರ ದಾಟಿ ತೀರ್ಥಹಳ್ಳಿ ಕಡೆಗೆ, ಒಂದು ಗುಡ್ಡದ ಬುಡದಲ್ಲಿ. ಆಕಾಶ ತೊಳೆದ ಹಾಗಿದ್ದ ದಿನ ಅಲ್ಲಿಂದ ಕವಲೇದುರ್ಗ ಕಾಣುತ್ತಿತ್ತು. ದಾರಿಯ ಕುಲುಕಾಟಕ್ಕೆ ಅವಳಿಗೆ ನೋವು ಕಾಣಿಸಿಕೊಂಡಿತು. ಇಳಿದ ಜಾಗದಲ್ಲಿ ಗೋಡೆಯೂ ಇಲ್ಲ, ಮಾಡೂ ಇಲ್ಲ. ಸೊಪ್ಪು ಹೊದೆಸಿದ ಚಪ್ಪರದಡಿ, ಆಗಷ್ಟೇ ಅಗೆದು ಸಮ ಮಾಡಿದ ಹಸಿ ಮಣ್ಣಿನ ಮೇಲೆ ಕಂಬಳಿ ಹಾಸಿ ಮಲಗಿಸಿದೆವು. ಗಂಡುಮಗು. ಬೆಳಗಾಗುವುದರೊಳಗೆ ಹೋಯಿತು.

ದಿನ ತುಂಬದ ಮಗು, ಉಳಿಯುವುದು ಕಷ್ಟವೇ ಇತ್ತು. ಆದರೆ ಅತ್ತೆ ಹಾಗೆ ತಿಳಿಯಲಿಲ್ಲ. "ಥಂಡಿ ನೆಲ ನನ್ನ ಮೊಮ್ಮಗನ್ನ ನುಂಗಿ ಹಾಕ್ತು" ಅಂದರು. ಮಗಳ ತಲೆ ಸವರುತ್ತ ಒಂದು ಮಾತು ಕೊಟ್ಟರು: "ಇನ್ನೊಂದಕ್ಕೆ ನೀ ಬಾ ಮಗಾ. ನಿಂಗೆ ಬೆಚ್ಚಗಿನ ನೆಲ ಮಾಡಿ ಇಡ್ತೀನಿ. ಹಳೇ ಮನೆ ನೆಲ ಹೇಗಿತ್ತು, ಹಾಗೇ."

ಅಲ್ಲಿಂದ ಮುಂದೆ ಮನೆ ಎದ್ದದ್ದು ನಿಧಾನವಾಗಿ. ಮಣ್ಣಿನ ಗೋಡೆ, ಹಳೆಯ ತೊಲೆ, ಅರ್ಧ ಹೆಂಚು ಅರ್ಧ ಹುಲ್ಲು. ನೆಲದ ಕೆಲಸ ಮಾತ್ರ ಅತ್ತೆ ಯಾರಿಗೂ ಬಿಡಲಿಲ್ಲ. ಕಪ್ಪು ನೆಲ ಅಂದರೆ ಸುಮ್ಮನೆ ಬರುವುದಲ್ಲ. ಹುತ್ತದ ಮಣ್ಣು ಜರಡಿ ಹಿಡಿದು, ನೆನೆಸಿ, ತುಳಿದು, ಹಾಸಿ, ಮರದ ಮಣೆಯಿಂದ ಬಡಿಬಡಿದು ಗಟ್ಟಿ ಮಾಡಬೇಕು. ಅದರ ಮೇಲೆ ಸಗಣಿಗೆ ಕರಟ ಸುಟ್ಟ ಮಸಿ ಕಲೆಸಿ ಬಳಿದು, ಒಣಗುತ್ತ ಬಂದಾಗ ಕಲ್ಲಿನಿಂದ ಉಜ್ಜಬೇಕು. ಬೇಗ ಹೊಳಪು ಬರಬೇಕಾದರೆ ಟಾರ್ಚಿನ ಹಳೇ ಸೆಲ್ಲು ಒಡೆದು ಅದರೊಳಗಿನ ಕಪ್ಪು ಹುಡಿ ಸೇರಿಸಬೇಕು. ಆ ಕಾಲಕ್ಕೆ ಊರಲ್ಲಿ ಟಾರ್ಚು ಇದ್ದವರೇ ಕಡಿಮೆ. ಸೆಲ್ಲು ಸತ್ತರೂ ಬಿಸಿಲಿಗೆ ಇಟ್ಟು ಇನ್ನೆರಡು ದಿನ ಬದುಕಿಸುವ ಜನ. ಅತ್ತೆ ಮನೆಮನೆ ಕೇಳಿ ಒಟ್ಟುಮಾಡಿದ್ದು ಒಂದು ಕರಟದಷ್ಟೂ ಆಗಲಿಲ್ಲ.

ಹಾಗಿರುವಾಗ ಗುಡ್ಡಕ್ಕೆ ಜೀಪು ಬಂತು.

ಸರ್ಕಾರದವರು, ಕಲ್ಲು ನೋಡುವವರು ಅಂತ ಮಾತ್ರ ಗೊತ್ತಾಯಿತು. ಹೆಗಲಿಗೆ ಒಂದು ಪೆಟ್ಟಿಗೆ ನೇತುಹಾಕಿಕೊಂಡು, ಕಿವಿಗೆ ಎಂಥದೋ ಸಿಕ್ಕಿಸಿಕೊಂಡು ಗುಡ್ಡವೆಲ್ಲ ಅಲೆಯುತ್ತಿದ್ದರು. ಪೆಟ್ಟಿಗೆ ಟಿಕ್, ಟಿಕ್ ಅನ್ನುತ್ತಿತ್ತು. ಕೆಲವು ಕಡೆ ಜೋರಾಗಿ ಅನ್ನುತ್ತಿತ್ತು. ಅಷ್ಟು ಸಾಕಾಯಿತು ಊರಿಗೆ. ಕೆಳದಿಯ ಅರಸರು ಕವಲೇದುರ್ಗಕ್ಕೆ ಓಡಿಬಂದಾಗ ಹೂತಿಟ್ಟ ನಿಧಿ ಹುಡುಕುತ್ತಿದ್ದಾರೆ, ಆ ಪೆಟ್ಟಿಗೆ ಬಂಗಾರದ ವಾಸನೆ ಹಿಡಿಯುತ್ತದೆ ಅಂತ ಎಲ್ಲರೂ ನಿಶ್ಚಯ ಮಾಡಿಕೊಂಡರು. ನಮ್ಮ ಗದ್ದೆಯ ಕೆಳಗಿನ ಮನೆಯಲ್ಲಿ ಒಬ್ಬ ಅಜ್ಜಿ ಇದ್ದರು, ಸುತ್ತಲ ಊರಿಗೆಲ್ಲ ಸೂಲಗಿತ್ತಿ. ಅವರು ಆ ಪಾರ್ಟಿಯ ಚಿಕ್ಕ ಆಫೀಸರನ್ನು ಅಡ್ಡಹಾಕಿ ಕೇಳಿಯೇಬಿಟ್ಟರು: "ಅಯ್ಯಾ, ಅರಸರ ನಿಧಿ ನಿಮ್ಗೇ ಇರ್ಲಿ. ನಟ್ಟಿ ಮಾಡುವಾಗ ಗದ್ದೇಲಿ ಬಿದ್ದುಹೋದ ನನ್ನ ಕಿವಿಯ ಒಂದು ಬೆಂಡೋಲೆ ಇದೆ. ಆ ಪೆಟ್ಟಿಗೆ ಒಂದು ಸುತ್ತು ತಂದು ಹುಡುಕಿಕೊಡಿ."

ಚಿಕ್ಕ ಆಫೀಸರು ಬಯಲುಸೀಮೆಯ ಹುಡುಗ, ನಕ್ಕ. "ಇದು ಚಿನ್ನಕ್ಕಲ್ಲ ಅಜ್ಜಿ. ಬೇರೆ ಕಲ್ಲಿಗೆ."

"ಚಿನ್ನಕ್ಕಿಂತ ದೊಡ್ಡ ಕಲ್ಲಾ?"

"ಸರ್ಕಾರಕ್ಕೆ ದೊಡ್ಡದು."

ಅದು ಯುರೇನಿಯಂ ಅಂತ, ಅಣುಬಾಂಬಿಗೂ ಕರೆಂಟಿಗೂ ಎರಡಕ್ಕೂ ಬರುತ್ತದೆ ಅಂತ ನಮಗೆ ತಿಳಿದದ್ದು ಬಹಳ ತಡವಾಗಿ. ಆಗ ನಮಗೆ ಅದು ಕೂಲಿ. ಗುಡ್ಡದ ಓರೆಯಲ್ಲಿ ಗುಂಡಿ ತೋಡಲು, ಕಲ್ಲಿಗೆ ತೂತು ಕೊರೆಯಲು ಜನ ಬೇಕಿತ್ತು. ಮುಳುಗಡೆಯಿಂದ ಬಂದ ನಮಗೆ ಗದ್ದೆ ಇನ್ನೂ ಗದ್ದೆಯಾಗಿರಲಿಲ್ಲ. ನಮ್ಮನೆಯವರು ಹೋದರು. ಒಣ ಕಲ್ಲು ಕೊರೆದು ಸಂಜೆ ಬಂದರೆ ಹುಬ್ಬು, ರೆಪ್ಪೆ ಎಲ್ಲ ಬೂದಿ ಬಣ್ಣ. "ಯಾರೋ ಸುಡುಗಾಡಿಂದ ಎದ್ದು ಬಂದ್ರಾ?" ಅಂತ ನಾನು ತಮಾಷೆ ಮಾಡುತ್ತಿದ್ದೆ. ಉಗುಳಿದರೂ ಬೂದಿಯೇ.

ಒಂದು ದಿನ ಬಂದವರು ಒಂದು ಸಂಗತಿ ಹೇಳಿದರು. ಆಫೀಸರುಗಳು ಎದೆಗೆ ಸಣ್ಣ ಬಿಲ್ಲೆ ಸಿಕ್ಕಿಸಿಕೊಂಡಿರುತ್ತಾರಂತೆ. ಅದೇನು ಅಂತ ಚಿಕ್ಕ ಆಫೀಸರನ್ನು ಕೇಳಿದರಂತೆ. ಕಲ್ಲಿನಿಂದ ಮೈಗೆ ಎಷ್ಟು ತಾಗಿತು ಅಂತ ಆ ಬಿಲ್ಲೆ ಲೆಕ್ಕ ಇಡುತ್ತದೆ ಅಂದನಂತೆ.

"ನಮ್ಗೆ ಯಾಕಿಲ್ಲ ಅಂದೆ," ಅಂದರು ನಮ್ಮನೆಯವರು.

"ಎಂತ ಹೇಳಿದ?"

"ನೀವು ಟೆಂಪರ್ವರಿ ಅಂದ."

ನಾವಿಬ್ಬರೂ ನಕ್ಕೆವು. ಕಲ್ಲಿಗೆ ಟೆಂಪರ್ವರಿ ಯಾರು, ಪರ್ಮನೆಂಟು ಯಾರು ಅಂತ ಹೇಗೆ ಗೊತ್ತಾಗುತ್ತದೋ ಅಂತ ನಗೆ ಬಂತು. ನಗುವುದಕ್ಕೆ ಹೋಗಿ ಅವರಿಗೆ ಕೆಮ್ಮು ಹತ್ತಿಕೊಂಡಿತು.

ಕೆಲವು ದಿನದ ಮೇಲೆ ಅವರನ್ನು ಗುಂಡಿಯಿಂದ ಶೆಡ್ಡಿಗೆ ಹಾಕಿದರು. ತಗಡಿನ ಶೆಡ್ಡು. ಗುಂಡಿಯಿಂದ ಬಂದ ಕಲ್ಲನ್ನು ಅಲ್ಲಿ ಒಡೆದು, ಕಬ್ಬಿಣದ ಒರಳಲ್ಲಿ ಕುಟ್ಟಿ, ಜರಡಿ ಹಿಡಿದು ರಾಗಿಹಿಟ್ಟಿನ ಹಾಗೆ ನುಣ್ಣಗೆ ಮಾಡುವುದು. ಆ ಹುಡಿಯನ್ನು ಗುಪ್ಪೆ ಹಾಕಿ, ಹೋಳಿಗೆ ಕತ್ತರಿಸಿದ ಹಾಗೆ ನಾಲ್ಕು ಪಾಲು ಮಾಡಿ, ಒಂದು ಪಾಲನ್ನು ಪುಟ್ಟ ಚೀಲಕ್ಕೆ ತುಂಬಿ ದೂರದ ಊರಿಗೆ ಪರೀಕ್ಷೆಗೆ ಕಳಿಸುವುದು. ಉಳಿದ ಮೂರು ಪಾಲು ಶೆಡ್ಡಿನ ಹಿಂದಕ್ಕೆ. ಮಧ್ಯಾಹ್ನದ ಬುತ್ತಿ ಕೊಡಲು ಒಂದು ದಿನ ನನ್ನ ಬದಲು ಅತ್ತೆ ಹೋದರು. ಶೆಡ್ಡಿನ ಹಿಂದೆ ಬಿದ್ದಿದ್ದ ರಾಶಿ ಕಂಡರು. ಕಡುಕಪ್ಪು. ಬಿಸಿಲಿಗೆ ಮಿಣಮಿಣ ಅನ್ನುತ್ತಿತ್ತು. ಒಂದು ಚಿಟಿಕೆ ತೆಗೆದು ಬೆರಳ ನಡುವೆ ಉಜ್ಜಿ ನೋಡಿದರು. ಆಮೇಲೆ ಬುತ್ತಿ ಒಯ್ದಿದ್ದ ಬುಟ್ಟಿ ತುಂಬ ಅದನ್ನೇ ಹೊತ್ತುಕೊಂಡು ಬಂದರು. ಜಗುಲಿಯಲ್ಲಿ ಬುಟ್ಟಿ ಇಳಿಸುವಾಗ ನನ್ನನ್ನು ಕರೆದರು. ಕೈಜೋಡಿಸಿದೆ. ಕಾಣುವುದಕ್ಕೆ ಒಂದು ಬುಟ್ಟಿ, ಎತ್ತಿದರೆ ಎರಡು ಬುಟ್ಟಿಯ ಭಾರ.

"ಸೆಲ್ಲಿನ ಕಪ್ಪು ಇದರ ಮುಂದೆ ಎಂತದು ಮಾರಾಯ್ತಿ! ಭೂಮಿತಾಯೇ ಅರೆದು ಇಟ್ಟಿದಾಳೆ."

ಅಷ್ಟರಲ್ಲಿ ವರದಮೂಲದ ಕಡೆಯಿಂದ ಸುದ್ದಿ ಬಂದಿತ್ತು, ನಾದಿನಿ ಮತ್ತೆ ಬಸುರಿ. ಅತ್ತೆಗೆ ಹೊತ್ತು ಮೂಡಿದ್ದೂ ಗೊತ್ತಿಲ್ಲ, ಮುಳುಗಿದ್ದೂ ಗೊತ್ತಿಲ್ಲ. ಮನೆಯ ಹಿಂಬದಿಯ ಒಳಕೋಣೆ ಬಾಣಂತಿಗೆ ಅಂತ ಗೊತ್ತಾಗಿತ್ತು. ಉಳಿದ ಕಡೆಗೆಲ್ಲ ಬರೀ ಸಗಣಿ ಸಾಕು, ಆ ಕೋಣೆಗೆ ಮಾತ್ರ ಕಪ್ಪು. ಸೆಲ್ಲಿನ ಕಪ್ಪು ಆಗಿದ್ದರೆ ಮೇಲೊಂದು ಪದರಕ್ಕೆ ಆಗುತ್ತಿತ್ತು. ಇದು ಧಾರಾಳ ಇತ್ತಲ್ಲ, ಬುಟ್ಟಿ ಬುಟ್ಟಿ ಹೊತ್ತು ತಂದು ಮಣ್ಣಿಗೇ ಕಲೆಸಿ ಗೇಣು ದಪ್ಪಕ್ಕೆ ಹಾಸಿದರು. ಬಡಿದರು. ಬಳಿದರು. ಮಂಡಿಯೂರಿ ಕೂತು, ಮುಖ ನೆಲಕ್ಕೆ ತಾಗುವ ಹಾಗೆ ಬಾಗಿ, ಆ ಕಲ್ಲಿನಿಂದ ಉಜ್ಜಿದರು. ನಾನೂ ಉಜ್ಜಿದೆ. ಕೈಯ ಗೆರೆಗಳಲ್ಲಿ ಕೂತ ಕಪ್ಪು ಸೀಗೆ ಹಾಕಿ ತಿಕ್ಕಿದರೂ ಹೋಗುತ್ತಿರಲಿಲ್ಲ. ಅದೇ ಕೈಯಲ್ಲಿ ಊಟ.

ಕೊನೆಗೆ ಆದ ನೆಲ ನೋಡಲು ಊರಿನ ಹೆಂಗಸರೆಲ್ಲ ಬಂದರು. ಸೂಲಗಿತ್ತಿ ಅಜ್ಜಿ ಬಾಗಿಲಲ್ಲಿ ನಿಂತು, ಕಾಲಿಡಲು ಹೆದರಿದವರ ಹಾಗೆ ಸೀರೆ ಎತ್ತಿಕೊಂಡು, "ಇದೆಂತ ನೆಲವೋ ಬಾವಿಯೋ? ಬಿದ್ದುಹೋದ್ರೆ ಎತ್ತೋರು ಯಾರು?" ಅಂದರು. ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡು ನಕ್ಕರು. ಮುಳುಗಡೆಯಾದ ಮೇಲೆ ಅವರು ಬಾಯಿತುಂಬ ನಕ್ಕದ್ದು ಅದೇ ಮೊದಲು.

ನಾದಿನಿ ಬಂದಳು. ಆ ನೆಲದ ಮೇಲೇ ಹೆತ್ತಳು. ಹೆಣ್ಣುಮಗು. ಅಜ್ಜಿ ಎತ್ತಿ ಹಿಡಿದು ಬೆನ್ನಿಗೆ ತಟ್ಟಿದಾಗ ಅತ್ತಿತು ನೋಡಿ, ಗುಡ್ಡದ ಮೇಲಿನ ಶೆಡ್ಡಿನಲ್ಲಿದ್ದ ನಮ್ಮನೆಯವರಿಗೇ ಕೇಳಿರಬೇಕು. ಅತ್ತೆ ನೆಲ ಮುಟ್ಟಿ ಕಣ್ಣಿಗೆ ಒತ್ತಿಕೊಂಡರು.

ನಮ್ಮ ಕಡೆ ಬಾಣಂತಿಯನ್ನು ಇಡುವ ಕ್ರಮ ನಿಮಗೆ ಗೊತ್ತಿರಬಹುದು. ಗಾಳಿ ಸೋಕಬಾರದು. ಕಿಟಕಿಯ ಸಂದಿಗೆ ಹಳೇಬಟ್ಟೆ ತುರುಕಿ, ಬಾಗಿಲಿಗೆ ಕಂಬಳಿ ಇಳಿಬಿಟ್ಟು, ಮೂಲೆಯಲ್ಲಿ ಕೆಂಡ ಇಟ್ಟು ಕೋಣೆಯನ್ನು ಬೆಚ್ಚಗೆ ಕಾಯುತ್ತೇವೆ. ತಾಯಿ ಮಗು ಇಬ್ಬರೂ ಅದರೊಳಗೆ. ಮೊದಲನೆಯದನ್ನು ಥಂಡಿಗೆ ಕಳಕೊಂಡೆ ಅಂತ ನಂಬಿದ್ದ ಅತ್ತೆಯಂತೂ ಗೋಡೆಯಲ್ಲಿ ಇರುವೆ ಹೋಗುವಷ್ಟು ಸಂದೂ ಬಿಡಲಿಲ್ಲ. ಮಗುವನ್ನು ಎಣ್ಣೆ ಹಚ್ಚಿ ಆ ನುಣುಪಿನ ಮೇಲೆ ಹಳೇ ಸೀರೆ ಮಡಿಸಿ ಮಲಗಿಸುತ್ತಿದ್ದರು. ನೆಲ ಹಗಲೆಲ್ಲ ಬೆಚ್ಚಗಿರುತ್ತಿತ್ತು. "ಹೇಗೆ ಕಾವು ಹಿಡಿದು ಇಟ್ಕೊಂಡಿದೆ ನೋಡು," ಅನ್ನುತ್ತಿದ್ದರು. ಕಾವು ಕೆಂಡದ್ದು, ನೆಲದ್ದಲ್ಲ.

ಚಿಕ್ಕ ಆಫೀಸರು ನಮ್ಮನೆಗೆ ಬಂದದ್ದು ಒಂದು ಮಧ್ಯಾಹ್ನ. ಸುತ್ತಲಿನ ಬಾವಿ ನೀರು ಶೀಸೆಗೆ ಹಿಡಿದುಕೊಂಡು ಹೋಗುವ ಕೆಲಸ ಹೇಳಿದ್ದರಂತೆ. ಬಿಸಿಲಲ್ಲಿ ಬಂದವನಿಗೆ ಅತ್ತೆ ಜಗುಲಿಯಲ್ಲಿ ಚಾಪೆ ಹಾಸಿ ಮಜ್ಜಿಗೆ ಕೊಟ್ಟರು. ಅಜ್ಜಿಯೂ ಮಗುವಿಗೆ ನೀರು ಹಾಕಲು ಬಂದವರು ಅಲ್ಲೇ ಕೂತಿದ್ದರು. ಬೆಂಡೋಲೆಯ ವಿಷಯ ಮತ್ತೆ ಎತ್ತಿದರು.

"ಅಜ್ಜಿ, ನಿಮ್ಮ ಓಲೆ ಸಿಕ್ಕಿದರೆ ಮೊದಲು ನಿಮ್ಮ ಮನೆಗೇ ತರ್ತೀನಿ," ಅಂದ ಅವನು, ಹೆಗಲಿನ ಪೆಟ್ಟಿಗೆ ಇಳಿಸಿ ಗೋಡೆಗೆ ಒರಗಿಸಿಟ್ಟ.

ಪೆಟ್ಟಿಗೆ ಬಂದ್ ಆಗಿರಲಿಲ್ಲ. ಟಿಕ್ ಟಿಕ್ ಅಂತ ಇತ್ತು. ಮಜ್ಜಿಗೆ ಬಾಯಿಗೆ ಇಟ್ಟವನು ಲೋಟ ಕೆಳಗಿಟ್ಟ. ಕಿವಿಗೊಟ್ಟ. ಪೆಟ್ಟಿಗೆ ಎತ್ತಿ ಬೇಲಿ ಕಡೆ ಹಿಡಿದ, ಸಣ್ಣಗಾಯಿತು. ಬಾಗಿಲ ಕಡೆ ಹಿಡಿದ, ಜೋರಾಯಿತು.

"ಬಂತು ನೋಡಿ!" ಅಂದರು ಅಜ್ಜಿ, ಕೈತಟ್ಟಿ. "ನಿಧಿ ನಿಮ್ಮನೇಲೇ ಇದೆ ಕಣ್ರೇ. ಮುಳುಗಡೆಯೋರು ಬಡವರು ಅಂತ ನಾವು ತಿಳ್ಕೊಂಡಿದ್ವಿ!"

ಅವನು ನಗಲಿಲ್ಲ. "ಅಮ್ಮಾ, ಒಳಗೆ ಬರಬಹುದಾ?" ಅಂತ ಕೇಳಿ, ನಡುಮನೆ ದಾಟಿ, ಕಂಬಳಿ ಇಳಿಬಿಟ್ಟ ಬಾಗಿಲ ತನಕ ಬಂದ. ಅಲ್ಲಿ ಅತ್ತೆ ಅಡ್ಡ ನಿಂತರು. ಬಾಣಂತಿ ಕೋಣೆಗೆ ಹೊರಗಿನ ಗಂಡಸು ಕಾಲಿಡುವುದುಂಟೇ? ಅವನು ಹೊಸ್ತಿಲಲ್ಲೇ ನಿಂತು ಪೆಟ್ಟಿಗೆಯನ್ನು ನನ್ನ ಕೈಗೆ ಕೊಟ್ಟ. "ನೀವು ಹಿಡ್ಕೊಂಡು ಹೋಗಿ. ನೆಲದ ಹತ್ತಿರ ಹಿಡೀರಿ."

ಕಂಬಳಿ ಸರಿಸಿ ಒಳಗೆ ಹೋದೆ. ಕತ್ತಲು, ಸಾಂಬ್ರಾಣಿ ಹೊಗೆ. ನಾದಿನಿ ಮಗುವಿಗೆ ಮೊಲೆಯೂಡಿಸುತ್ತ ಕೂತಿದ್ದಳು, ಸೆರಗು ಎಳೆದುಕೊಂಡು "ಎಂತ ಅತ್ತಿಗೆ ಅದು?" ಅಂದಳು. ನಾನು ಬಾಗಿ ನೆಲದ ಹತ್ತಿರ ಹಿಡಿದೆ. ಅರಳು ಹುರಿಯುವಾಗ ಓಡಿನಲ್ಲಿ ಭತ್ತ ಸಿಡಿಯುತ್ತದಲ್ಲ, ಒಂದಕ್ಕೊಂದು ಬಿಡುವಿಲ್ಲದೆ, ಹಾಗೆ ಸಿಡಿಯತೊಡಗಿತು. ಮಗು ಮೊಲೆ ಬಿಟ್ಟು ಆ ಸದ್ದಿನ ಕಡೆ ಕಣ್ಣು ಹೊರಳಿಸಿತು.

ಹೊರಗೆ ಬಂದಾಗ ಅವನ ಮುಖ ಸುಣ್ಣ ಬಳಿದ ಗೋಡೆ. "ಈ ನೆಲಕ್ಕೆ ಏನು ಹಾಕಿದ್ದೀರಿ?"

ಅತ್ತೆ ಹೆಮ್ಮೆಯಿಂದಲೇ ಹೇಳಿದರು. ನಿಮ್ಮ ಶೆಡ್ಡಿನ ಹಿಂದಿನದು, ನೀವು ಬಿಸಾಕಿದ್ದು, ಯಾರಿಗೂ ಬೇಡವಾದದ್ದು.

ಅವನು ಪೆಟ್ಟಿಗೆ ಬಂದ್ ಮಾಡಿದ. ಆಮೇಲೆ, "ಹೆದರೋದು ಏನಿಲ್ಲ. ಆದ್ರೆ ತಾಯಿ ಮಗೂನ ಬೇರೆ ಕಡೆ ಮಲಗಿಸಿ. ಇವತ್ತೇ. ಆ ಕಿಟಕಿ ತೆಗೀರಿ," ಅಂದ.

"ಹೆದರೋದು ಇಲ್ಲ ಅಂದ್ರೆ ಬೇರೆ ಕಡೆ ಯಾಕೆ ಅಯ್ಯಾ?"

"ಆ ಕಲ್ಲಿಂದ ಒಂದು ಥರ ಗಾಳಿ ಬರುತ್ತಮ್ಮ. ಬಣ್ಣ ಇಲ್ಲ, ವಾಸನೆ ಇಲ್ಲ. ಮುಚ್ಚಿದ ಕೋಣೇಲಿ ತುಂಬ್ಕೊಳ್ಳುತ್ತೆ. ಎದೆಗೆ ಒಳ್ಳೇದಲ್ಲ."

"ಯಾರ ಎದೆಗೆ?"

ಅವನು ಕಂಬಳಿ ಇಳಿಬಿಟ್ಟ ಬಾಗಿಲ ಕಡೆ ನೋಡಿದ. ಅತ್ತೆಯ ಸ್ವರ ಏರಿತು. "ಹುಟ್ಟಿದ ಲಾಗಾಯ್ತು ನನ್ನ ಮೊಮ್ಮಗಳು ಅದರ ಮೇಲೇ ಮಲಗಿದೆ. ಆ ಗಾಳಿ ಎಷ್ಟು ಕುಡಿದಿದೆ? ಎಂತ ಆಗ್ತದೆ? ಅದನ್ನ ಹೇಳಿ."

"ಗೊತ್ತಿಲ್ಲಮ್ಮ," ಅಂದ. "ಏನೂ ಆಗದೇ ಇರಬಹುದು. ಆದ್ರೆ ಯಾವಾಗಲೋ ಆಗಬಹುದು. ಹೇಳೋಕೆ ಬರಲ್ಲ. ನಾನು ಇಷ್ಟು ಹೇಳಿದ್ದೂ ಯಾರಿಗೂ ಹೇಳಬೇಡಿ. ಈ ಕೆಲಸದ ವಿಷಯ ಹೊರಗೆ ಆಡೋ ಹಾಗಿಲ್ಲ." ಮಜ್ಜಿಗೆ ಲೋಟ ಅರ್ಧಕ್ಕೇ ಇತ್ತು.

ಅವನನ್ನು ನಾನು ಬೈಯಲಾರೆ. ಅವನು ಬಾಯಿ ಮುಚ್ಚಿಕೊಂಡು ಹೋಗಬಹುದಿತ್ತು. ಅವನ ಮೇಲಿನವರು ಹಾಗೇ ಮಾಡಿದರು. ಮಾರನೇ ದಿನ ನಮ್ಮನೆಯವರು ಕ್ಯಾಂಪಿಗೆ ಹೋಗಿ, ನೆಲ ಅಗೆದು ಕೊಡುತ್ತೇವೆ, ನಿಮ್ಮ ಹುಡಿ ನೀವೇ ವಾಪಸು ತೆಗೆದುಕೊಳ್ಳಿ ಅಂತ ದೊಡ್ಡ ಆಫೀಸರನ್ನು ಕೇಳಿದರು. ಆತನಿಗೆ ಕನ್ನಡ ಬಾರದು, ಚಿಕ್ಕವನು ನಡುವೆ ನಿಂತು ಹೇಳಿದ: "ನಾವು ಕೊಟ್ಟಿದ್ದಲ್ಲ, ನೀವು ತಗೊಂಡು ಹೋಗಿದ್ದು ಅಂತಾರೆ." ಮತ್ತೆ ಕೇಳಿದ್ದಕ್ಕೆ ನಮ್ಮನೆಯವರಿಗೆ ಶೆಡ್ಡಿನ ಕೆಲಸ ಹೋಯಿತು. ಅವರ ಎದೆಯ ಮಟ್ಟಿಗೆ ಅದು ಉಪಕಾರವೇ ಆಯಿತೇನೋ. ಆದರೂ ಆ ಒಣಕೆಮ್ಮು ಬದುಕಿದಷ್ಟು ದಿನವೂ ಅವರನ್ನು ಬಿಡಲಿಲ್ಲ. ಗುಂಡಿಯಲ್ಲಿ ಉಳಿದ ಕೆಲವರಿಗೆ ಕ್ಷಯ ಅಂತ ಔಷಧಿ ಕೊಟ್ಟರು. ಕ್ಷಯದ ಔಷಧಿಗೆ ಅದು ಇಳಿಯಲಿಲ್ಲ.

ಅಗೆದವರು ಅತ್ತೆಯೇ. ಬೇರೆ ಯಾರ ಕೈಗೂ ಪಿಕಾಸಿ ಕೊಡಲಿಲ್ಲ. "ಹಾಸಿದ್ದು ನಾನು," ಅಂದರು. ಅಷ್ಟು ಬಡಿದು ಗಟ್ಟಿ ಮಾಡಿದ ನೆಲ ಸುಲಭಕ್ಕೆ ಏಳುತ್ತದೆಯೇ? ಒಂದೊಂದು ಪೆಟ್ಟಿಗೂ ಚಕ್ಕೆ ಚಕ್ಕೆಯಾಗಿ ಎದ್ದು ಬರುತ್ತಿತ್ತು, ಒಂದು ಮುಖ ಕನ್ನಡಿ, ಇನ್ನೊಂದು ಮುಖ ಮಣ್ಣು. ನಾದಿನಿ ಮಗುವನ್ನು ಎತ್ತಿಕೊಂಡು ಅಂಗಳದಾಚೆ ಹಲಸಿನ ಮರದ ಬುಡದಲ್ಲಿ ಕೂತಿದ್ದಳು. ಧೂಳು ಬರಬಾರದು ಅಂತ. ಬಾಣಂತಿ, ತಲೆಗೆ ಬಟ್ಟೆಯೂ ಇಲ್ಲದೆ, ಬಯಲಿನಲ್ಲಿ.

ಅಗೆದದ್ದನ್ನು ಎಲ್ಲಿ ಹಾಕುವುದು? ಆಗ ನೋಡಿ ನಮಗೆ ತಿಳಿದದ್ದು, ಜಗತ್ತು ಎಷ್ಟು ಕಿರಿದು ಅಂತ. ಗೊಬ್ಬರಗುಂಡಿಗೆ ಹಾಕಿದರೆ ಗದ್ದೆಗೆ ಹೋಗುತ್ತದೆ. ಹಳ್ಳಕ್ಕೆ ಹಾಕಿದರೆ ಎಲ್ಲರ ಬಾಯಿಗೆ ಹೋಗುತ್ತದೆ. ಶೆಡ್ಡಿನ ಹಿಂದೆಯೇ ಸುರಿದು ಬರೋಣ ಅಂತ ನಮ್ಮನೆಯವರು ಅಂದರೆ, ಅಜ್ಜಿ ಸೊಂಟಕ್ಕೆ ಕೈಕೊಟ್ಟು ಬಂದು ನಿಂತರು.

"ಅಲ್ಲಿಂದ ನೀರು ಎಲ್ಲಿಗೆ ಇಳೀತದೆ ಗೊತ್ತುಂಟಾ? ನನ್ನ ಗದ್ದೆಗೆ. ನಿನ್ನ ತಂಗಿ ಹೆರಿಗೆ ಮಾಡ್ಸಿದ ಕೈಗೆ ಇದಾ ಉಡುಗೊರೆ?"

"ಅಲ್ಲಿ ಅವರ ರಾಶಿ ಹೇಗೂ ಇದೆಯಲ್ಲ ಅಜ್ಜಿ."

"ಅವರದ್ದು ಅವರ ಪಾಪ. ನಿಮ್ಮದು ನೀವು ಇಟ್ಕೊಳ್ಳಿ."

ಅತ್ತೆ ಅದಕ್ಕೆ ತಲೆಯಾಡಿಸಿದರು. "ಅವಳು ಹೇಳೋದು ಸೈ. ನಮ್ಮನೆ ನೆಲ ನಮ್ಮ ಜಾಗದಲ್ಲೇ ಇರ್ಲಿ." ನಮ್ಮ ಪಾಲಿನ ಭೂಮಿಯ ಮೇಲ್ತುದಿಯಲ್ಲಿ, ಹಳ್ಳದಿಂದ ದೂರ, ಆಳವಾಗಿ ಗುಂಡಿ ತೋಡಿ ಎಲ್ಲವನ್ನೂ ಹೂತೆವು. ಮೇಲೆ ಕಲ್ಲು ಪೇರಿಸಿ ಮುಳ್ಳು ಹಾಕಿದೆವು. ದನ ಅತ್ತ ಹೋಗದ ಹಾಗೆ ಅತ್ತೆ ಕೋಲು ಹಿಡಿದು ಕಾಯುತ್ತಿದ್ದರು.

ಅದೇ ಇನ್ನೊಂದಕ್ಕೆ ಮೂಲವಾಯಿತು. ಕಲ್ಲು ಪೇರಿಸಿ ಮುಳ್ಳು ಹಾಕಿ ಕಾಯುತ್ತಾರೆ ಅಂದರೆ ಏನಿರಬೇಕು ಅದರಡಿ? ಪೆಟ್ಟಿಗೆ ಇವರ ಮನೆಯಲ್ಲಿ ಕೂಗಿತಂತೆ ಅನ್ನುವುದು ಆಗಲೇ ಊರೆಲ್ಲ ಹಬ್ಬಿತ್ತು. ಒಂದು ಬೆಳಿಗ್ಗೆ ಹೋಗಿ ನೋಡಿದರೆ ಮುಳ್ಳು ಒಂದು ಕಡೆ, ಕಲ್ಲು ಒಂದು ಕಡೆ. ಯಾರೋ ಪೂರ್ತಿ ತೋಡಿ, ಬಂಗಾರ ಸಿಕ್ಕದ ಸಿಟ್ಟಿಗೆ ಕರಿ ಚಕ್ಕೆಗಳನ್ನು ಒಡೆದು ಸುತ್ತ ಎರಚಿ ಹೋಗಿದ್ದರು. ಅತ್ತೆ ಅಲ್ಲೇ ಕೂತು, ಹುಲ್ಲಿನ ಬುಡದಿಂದ ಒಂದೊಂದೇ ಚೂರು ಬರಿಗೈಯಲ್ಲಿ ಆಯ್ದು ಮತ್ತೆ ಗುಂಡಿಗೆ ಹಾಕಿದರು. "ಇದು ನಿಧಿ ಅಲ್ಲ, ವಿಷ," ಅಂತ ಕಂಡವರಿಗೆಲ್ಲ ಹೇಳಿದರು. "ಹೌದೌದು, ವಿಷ. ಕೆಳದಿ ಅರಸರ ವಿಷ," ಅಂತ ಜನ ಕಣ್ಣು ಮಿಟುಕಿಸಿದರು.

ಮಳೆಗೆ ಮುಂಚೆ ಕ್ಯಾಂಪು ಎದ್ದಿತು. ಇಲ್ಲಿ ಸಿಕ್ಕಿದ್ದು ತೆಗೆಯುವಷ್ಟು ಇಲ್ಲ ಅಂತ ಗೊತ್ತಾಯಿತಂತೆ. ಶೆಡ್ಡಿನ ತಗಡು ಬಿಚ್ಚಿ ಒಯ್ದರು, ಮೊಳೆ ಕೂಡ ಬಿಡಲಿಲ್ಲ. ಹಿಂದಿನ ರಾಶಿಯನ್ನು ಬಿಟ್ಟರು. ಬಾಯ್ದೆರೆದ ಗುಂಡಿಗಳನ್ನೂ ಬಿಟ್ಟರು. ಆ ವರ್ಷದ ಮಳೆಗೆ ರಾಶಿ ಕರಗಿ, ಕಪ್ಪು ಗೆರೆಯಾಗಿ ಅಜ್ಜಿಯ ಗದ್ದೆಗೆ ಇಳಿಯಿತು. ಗುಂಡಿಗಳಲ್ಲಿ ನೀರು ನಿಂತು, ಬೇಸಿಗೆಯಲ್ಲಿ ಬಾವಿಗಳೆಲ್ಲ ತಳ ಕಂಡಾಗಲೂ ಅಲ್ಲಿ ತಣ್ಣಗೆ ಇರುತ್ತಿತ್ತು. ದನ ಕುಡಿದವು. ಜನವೂ ಕೊಡ ತಂದರು. ಬೇಡ ಅಂದವರು ನಮ್ಮತ್ತೆ ಒಬ್ಬರೇ. ಯಾರಿಗೂ ಹೇಳಬೇಡಿ ಅಂದಿದ್ದ ಆ ಹುಡುಗ. ಹೇಳಿದರೂ ಕೇಳುವವರು ಇರಲಿಲ್ಲ.

ನಾದಿನಿ ಬಾಣಂತನ ಮುಗಿಯುವ ಮೊದಲೇ ಹೊರಟುಹೋದಳು. ಗಂಡ ಬಂದು ಕರೆದೊಯ್ದ. ತೊಟ್ಟಿಲು, ಸೀರೆ, ಕೊಬ್ಬರಿ ಕೊಟ್ಟು ಕಳಿಸುವ ಶಾಸ್ತ್ರವೂ ಆಗಲಿಲ್ಲ. ಅಂಗಳ ದಾಟುವಾಗ ಅವಳು ತಾಯಿಯ ಕಡೆ ತಿರುಗಿ ಒಂದೇ ಮಾತು ಕೇಳಿದಳು: "ಅಮ್ಮ, ಬೆಚ್ಚಗಿನ ನೆಲ ಮಾಡ್ತೀನಿ ಅಂದಿದ್ಯಲ್ಲ?" ಬೈಗುಳವೂ ಅಲ್ಲ, ಅಳುವೂ ಅಲ್ಲ.

ಮಗು ಬೆಳೆಯಿತು. ತೆಳ್ಳಗೆ, ಬಿಳಿಚಿಕೊಂಡು. ಒಮ್ಮೊಮ್ಮೆ ಮೂಗಿನಿಂದ ರಕ್ತ ಬರುತ್ತಿತ್ತಂತೆ. ಸಾಗರದ ಡಾಕ್ಟರಿಗೆ ತೋರಿಸಿದರೆ ಮಗು ವೀಕು, ಟಾನಿಕ್ ಕೊಡಿ ಅಂದರಂತೆ. ನೆಲದ ಕತೆ ಹೇಳಿದ್ದಕ್ಕೆ ಅವರು ನಕ್ಕರಂತೆ. ಮೂಗಿನ ರಕ್ತ ಎಷ್ಟು ಮಕ್ಕಳಿಗೆ ಬರುವುದಿಲ್ಲ? ನನ್ನ ಮಕ್ಕಳಿಗೂ ಬಂದಿತ್ತು. ಆದರೆ ಆ ಸುದ್ದಿ ನಮ್ಮನೆಗೆ ತಲುಪಿದ ದಿನ ಅತ್ತೆ ಊಟಕ್ಕೆ ಏಳಲಿಲ್ಲ. ಇಂಥದೇ ಆಗುತ್ತದೆ ಅಂತ ಗೊತ್ತಿದ್ದರೆ ಎದುರು ನಿಂತು ಅಳಬಹುದು. ಯಾವಾಗಲೋ, ಏನೋ, ಆಗಬಹುದು, ಆಗದಿರಬಹುದು ಅಂತ ಹೇಳಿಟ್ಟು ಹೋದರೆ ಪ್ರತಿ ಶೀತ, ಪ್ರತಿ ಜ್ವರವೂ ಅದೇ ಆಗಿ ಕಾಣುತ್ತದೆ.

ಮುಂದಿನ ಹೆರಿಗೆಗೆ ನಾದಿನಿ ತವರಿಗೆ ಬರಲಿಲ್ಲ. ಹೇಳಿಕಳಿಸಿದೆವು, ನಮ್ಮನೆಯವರೇ ಹೋಗಿ ಕರೆದರು. "ಇಲ್ಲೇ ಆಗ್ತದೆ ಅಣ್ಣ," ಅಂದಳಂತೆ. ನಮ್ಮ ಕಡೆ ಹೆರಿಗೆಗೆ ತವರಿಗೆ ಹೋಗದ ಮಗಳು ಅಂದರೆ ತಾಯಿ ಇಲ್ಲದವಳು ಅಂತ ಲೆಕ್ಕ. ನಮ್ಮತ್ತೆ ಗಟ್ಟಿಮುಟ್ಟಾಗಿ ಇದ್ದರು.

ಆ ಕೋಣೆಗೆ ಅವರು ಮತ್ತೆ ನೆಲ ಮಾಡಲಿಲ್ಲ. ಬರೀ ಮಣ್ಣು, ಕಿಟಕಿ ತೆರೆದೇ. ಯಾರ ಮನೆಯ ನೆಲದ ಬಗ್ಗೆಯೂ ಮಾತಾಡುವುದನ್ನು ನಿಲ್ಲಿಸಿದರು. ಉಜ್ಜುವ ಕಲ್ಲನ್ನು ಏನು ಮಾಡಿದರೋ ನಾನು ಕೇಳಲಿಲ್ಲ.

ನಾದಿನಿ ತವರಿಗೆ ಬಂದದ್ದು ಕೆಲವು ವರ್ಷ ಕಳೆದು, ಒಂದು ದೀಪಾವಳಿಗೆ. ಜಗುಲಿಯಲ್ಲೇ ಕೂತಳು. ಒಳಗೆ ಬಾ ಅಂದರೆ, "ಇಲ್ಲೇ ಗಾಳಿ ಚೆನ್ನಾಗಿದೆ ಅತ್ತಿಗೆ," ಅಂದಳು. ಆ ನೆಲದ ಮೇಲೆ ಹುಟ್ಟಿದ ಹುಡುಗಿ ಸುಮ್ಮನಿರುತ್ತದೆಯೇ? ಅಜ್ಜಿಮನೆ ಅಂತ ಕುಣಿಯುತ್ತ ನಡುಮನೆ ದಾಟಿ ಆ ಬಾಗಿಲ ಕಡೆ ಓಡಿತು. "ಅಲ್ಲಿಗೆ ಬೇಡ!" ಅಂತ ತಾಯಿ ಕಿರುಚಿದಳು. ಅಷ್ಟರಲ್ಲಿ ಅತ್ತೆ ಹೊಸ್ತಿಲಲ್ಲಿ ಅಡ್ಡ ಕೂತಾಗಿತ್ತು. ಹುಡುಗಿ ಎರಡೂ ಕೈ ಚಾಚಿ ಎತ್ತಿಕೋ ಅಂದಿತು.

ಅತ್ತೆ ಎತ್ತಿಕೊಳ್ಳಲಿಲ್ಲ. "ತಡಿ ಮಗಾ," ಅಂದರು. ಎದ್ದು ಬಚ್ಚಲಿಗೆ ಹೋಗಿ ಬೂದಿ ಹಾಕಿ ಕೈ ತಿಕ್ಕಿದರು, ಉಗುರಿನ ಸಂದಿ ಬಿಡದೆ, ಮೊಣಕೈವರೆಗೆ. ನೀರು ಹಾಕಿಕೊಂಡು, ಕೈ ಮೇಲೆತ್ತಿ ಬೆಳಕಿಗೆ ಹಿಡಿದು ನೋಡಿಕೊಂಡರು. ಮತ್ತೆ ಬೂದಿ ತೆಗೆದುಕೊಂಡು ತಿಕ್ಕತೊಡಗಿದರು. ಹುಡುಗಿ ಕೈ ಚಾಚಿಕೊಂಡೇ ಕಾಯುತ್ತ ನಿಂತಿತ್ತು.